ಉಳಿದದ್ದು ಎಲ್ಲಿಗೆ ಹೋಗುತ್ತದೆ?

ನಮ್ಮ ತಾಯಿಯ ವಾಕರಿನ ಕಾಲು ಮುರಿಯದೇ ಹೋಗಿದ್ದರೆ ಈ ಮಾತುಗಳನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ವಯಸ್ಸಾದವರಿರುವ ಎಲ್ಲ ಮನೆಗಳಲ್ಲೂ ಇರುವಂಥ, ಹಗುರವಾದ, ನಾಲ್ಕು ಕಾಲಿನ ಅಲ್ಯೂಮಿನಿಯಂ ವಾಕರು ಅದು. ಅಡ್ಡಪಟ್ಟಿ ಕೂಡುವ ಜಾಗದಲ್ಲಿ ಬಿರುಕು ಬಿಟ್ಟು ಒಂದು ಕಾಲು ಓಲಾಡುತ್ತಿತ್ತು. ಹೊಸದನ್ನು ತರೋಣವೆಂದರೆ ಅಮ್ಮ ಒಪ್ಪಲಿಲ್ಲ. ಹಳೆಯ ಈಳಿಗೆಮಣೆಯ ಮೇಲೆ ನಮಗಿರುವ ನಂಬಿಕೆಯೇ ಎಂಬತ್ತನಾಲ್ಕು ವರ್ಷದ ಆಕೆಗೆ ಆ ವಾಕರಿನ ಹಿಡಿಯ ಮೇಲೆ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಗೇಟು, ಗ್ರಿಲ್ಲು ಮಾಡುವವನು ಅದನ್ನು ತಿರುಗಿಸಿ ನೋಡಿ, "ಕಬ್ಬಿಣ ಆಗಿದ್ರೆ ಒಂದು ನಿಮಿಷದ ಕೆಲಸ ಮೇಡಂ. ಅಲ್ಯೂಮಿನಿಯಂಗೆ ಆರ್ಗಾನ್ ವೆಲ್ಡಿಂಗ್ ಬೇಕು. ಕಾಮಾಕ್ಷಿಪಾಳ್ಯಕ್ಕೆ ತಗೊಂಡು ಹೋಗಿ" ಎಂದ.

ವಾಕರು ಮುರಿದದ್ದು ಹೇಗೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ತಂದೆ ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿದ್ದರು. ಎರಡನೆಯ ಪಾಳಿ ಮುಗಿಸಿ ಮನೆ ಸೇರುವಾಗ ರಾತ್ರಿ ಹನ್ನೊಂದೂವರೆಯಾಗುತ್ತಿತ್ತು. ಅವರದು ಯೆಜ್ಡಿ ಬೈಕು. 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ, ಎರಡು ಕೊಳವೆಗಳ ಆ ಬೈಕಿನ ಸದ್ದನ್ನು ಕೇಳಿದವರು ಮರೆಯುವುದಿಲ್ಲ. ಬೀದಿಯ ತಿರುವಿನಲ್ಲಿ ಆ ಸದ್ದು ಕೇಳಿದ ಕೂಡಲೇ ಅಮ್ಮ ಎದ್ದು ಹೋಗಿ ಚಿಲಕ ತೆಗೆಯುತ್ತಿದ್ದರು. ಬಾಗಿಲು ತಟ್ಟುವ ಕಷ್ಟವನ್ನು ಅಪ್ಪನಿಗೆ ಆಕೆ ಎಂದೂ ಕೊಟ್ಟವರಲ್ಲ. ಅಪ್ಪ ತೀರಿಕೊಂಡು ಹದಿನೆಂಟು ವರ್ಷವಾಯಿತು. ಈಗ ಅಮ್ಮನಿಗೆ ಹಗಲು ಎಲ್ಲವೂ ಸರಿಯಾಗಿ ನೆನಪಿರುತ್ತದೆ. ರಾತ್ರಿ ಮಾತ್ರ ವರ್ಷಗಳು ಕಲೆಸಿಹೋಗುತ್ತವೆ. ನಮ್ಮ ಮನೆಯಿಂದ ದೊಡ್ಡ ರಸ್ತೆ ದೂರವಿಲ್ಲ. ಹನ್ನೆರಡು ಗಂಟೆಯ ಮೇಲೆ, ರಸ್ತೆ ಖಾಲಿಯಾದಾಗ, ಯಾರೋ ಒಬ್ಬ ತನ್ನ ಕಾರನ್ನೋ ಬೈಕನ್ನೋ ಸಿಡಿಲಿನಂತೆ ಗುಡುಗಿಸಿಕೊಂಡು ಸುಮನಹಳ್ಳಿಯ ಕಡೆಗೆ ಹೋಗುತ್ತಾನೆ. ಕಿಟಕಿಯ ಗಾಜು ನಡುಗುತ್ತದೆ. ಅಮ್ಮ ಎದ್ದು ಕುಳಿತು, "ಬಂದರು, ಚಿಲಕ ತೆಗಿ" ಎನ್ನುತ್ತಾರೆ. ಒಂದು ರಾತ್ರಿ ನಾನು ಏಳುವುದು ತಡವಾಯಿತು. ಕತ್ತಲೆಯಲ್ಲಿ ತಾವೇ ಹೊರಟು ಹೊಸ್ತಿಲಲ್ಲಿ ಬಿದ್ದರು. ದೇವರ ದಯೆಯಿಂದ ಮೂಳೆ ಉಳಿಯಿತು, ವಾಕರು ಮುರಿಯಿತು.

ಆ ರಾತ್ರಿ ನಾನು ಆ ಸದ್ದು ಮಾಡಿದವನನ್ನು ಶಪಿಸಿದೆ. ಅಂಥ ಕೊಳವೆಯನ್ನು ಅವನಿಗೆ ಮಾಡಿಕೊಟ್ಟವನನ್ನು ಅದಕ್ಕಿಂತ ಹೆಚ್ಚಾಗಿ ಶಪಿಸಿದೆ. ಮೂವತ್ತು ವರ್ಷ ಪಾಠ ಹೇಳಿದವಳ ಬಾಯಿಂದ ಬರಬಾರದ ಮಾತುಗಳೇ ಬಂದವು.

ಕಾಮಾಕ್ಷಿಪಾಳ್ಯ ನಮಗೆ ಮಾಗಡಿ ರಸ್ತೆಯ ಬಸ್ಸಿನ ಕಿಟಕಿಯಿಂದ ಕಾಣುವ ಒಂದು ಹೆಸರು, ಅಷ್ಟೆ. ಒಳಗೆ ಹೋದರೆ ಬೇರೆಯೇ ಲೋಕ. ಒಂದೊಂದು ಷಟರಿನ ಹಿಂದೆ ಒಂದೊಂದು ಯಂತ್ರ. ಲೇತು, ಗ್ರೈಂಡರು, ಪ್ರೆಸ್ಸು. ಚರಂಡಿಯ ಪಕ್ಕದಲ್ಲಿ ಸುರುಳಿ ಸುರುಳಿಯಾಗಿ ಲೋಹದ ಸಿಪ್ಪೆ. ಪೀಣ್ಯದ ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಸಣ್ಣ ಸಣ್ಣ ಭಾಗಗಳು ಇಂಥ ಗೂಡುಗಳಲ್ಲಿಯೂ ತಯಾರಾಗುತ್ತವೆ ಎಂದು ಅಪ್ಪ ಹೇಳುತ್ತಿದ್ದುದು ನೆನಪಾಯಿತು. ಕೇಳಿಕೊಂಡು ಕೇಳಿಕೊಂಡು ಒಂದು ಶೆಡ್ಡಿನ ಮುಂದೆ ನಿಂತಾಗ, ಮುಖಕ್ಕೆ ಕಪ್ಪು ಗಾಜಿನ ಕವಚ ಹಾಕಿಕೊಂಡಿದ್ದವನು ಅದನ್ನು ಮೇಲೆತ್ತಿ, ನನ್ನನ್ನು ನೋಡಿ, ಎದ್ದು ನಿಂತ. "ಮಿಸ್!" ಎಂದ.

ನನಗೆ ಗುರುತು ಹತ್ತಲಿಲ್ಲ. ಅವನೇ ಹೇಳಿದ ಮೇಲೆ ಹತ್ತಿತು. ವಿಜಯನಗರದ ಕಡೆಯ ಶಾಲೆಯೊಂದರಲ್ಲಿ ನಾನು ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುತ್ತಿದ್ದಾಗ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವನು. ಗಾರೆ ಕೆಲಸದವರ ಮಗ. ಒತ್ತಕ್ಷರವನ್ನು ಒಂದು ದಿನವೂ ಸರಿಯಾಗಿ ಬರೆದವನಲ್ಲ. ಪಾಠದ ಮಧ್ಯೆ ಜಾಮಿಟ್ರಿ ಡಬ್ಬಿಯನ್ನು ಕುಟ್ಟುತ್ತಿದ್ದ. "ಸದ್ದು!" ಎಂದು ನಾನು ಅತಿ ಹೆಚ್ಚು ಸಲ ಗದರಿಸಿದ್ದು ಅವನನ್ನೇ ಇರಬೇಕು.

"ಹೇಗೆ ಮುರೀತು ಮಿಸ್?" ಎಂದು ವಾಕರನ್ನು ಕೈಗೆ ತೆಗೆದುಕೊಂಡ. "ಅಮ್ಮ ಬಿದ್ದರು" ಎಂದೆ, ಅಷ್ಟೇ. ಅವನು ಬಿರುಕಿನ ಸುತ್ತ ತಂತಿ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಹೊಳೆಯಿಸಿದ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದಂತೆ; ಆದರೆ ಗಾಳಿ ತಾಗಿ ಅದರ ಮೇಲೆ ಕಟ್ಟುವ ತೆಳ್ಳನೆಯ ಪೊರೆ ಕರಗಬೇಕಾದರೆ 2000 ಡಿಗ್ರಿ ದಾಟಬೇಕಂತೆ. ಪೊರೆಯನ್ನು ಒಡೆಯದೆ ಕಾಯಿಸಿದರೆ ಒಳಗಿನದು ನೀರಾಗಿ ಸುರಿದುಹೋಗುತ್ತದೆ, ಮೇಲಿನದು ಹಾಗೆಯೇ ಇರುತ್ತದೆ. ಆರ್ಗಾನ್ ಅನಿಲ ಸುತ್ತಲಿನ ಗಾಳಿಯನ್ನು ದೂರವಿಡುತ್ತದೆ, ಟಂಗ್‌ಸ್ಟನ್ ಮೊನೆಯ ಕಿಡಿ ಪೊರೆಯನ್ನು ಒಡೆಯುತ್ತದೆ. ಇದನ್ನೆಲ್ಲ ಅವನು ತೊದಲದೆ, ತಡವರಿಸದೆ ಹೇಳಿದ. ನನ್ನ ತರಗತಿಯಲ್ಲಿ ಅವನು ಸತತವಾಗಿ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹತ್ತು ನಿಮಿಷದಲ್ಲಿ ವಾಕರು ಸಿದ್ಧವಾಯಿತು. ಬೆಸೆದ ಜಾಗ ಒತ್ತಾಗಿ ಕಟ್ಟಿದ ಮಲ್ಲಿಗೆ ದಂಡೆಯ ಹಾಗೆ ಸಮನಾದ ಗಂಟುಗಳಿಂದ ಕೂಡಿತ್ತು. ದುಡ್ಡು ತೆಗೆದುಕೊಳ್ಳಲಿಲ್ಲ.

ಚಹಾ ತರಿಸಿದ. ಕುಡಿಯುತ್ತ ಸುತ್ತ ನೋಡಿದೆ. ಗೋಡೆಯ ಮೇಲೆ ಸ್ಟೇನ್‌ಲೆಸ್ ಸ್ಟೀಲಿನ ಬಾಗಿದ ಕೊಳವೆಗಳು ಸಾಲಾಗಿ ನೇತಾಡುತ್ತಿದ್ದವು. ನಡುವೆ ಎಂಜಿನ್ ಬಿಚ್ಚಿದ ಒಂದು ಕೆಂಪು ಕಾರು. "ಏನಪ್ಪಾ ಇದೆಲ್ಲ?" ಎಂದೆ. "ಇದೇ ನನ್ನ ಕೆಲಸ ಮಿಸ್. ಕಾರುಗಳಿಗೆ ಎಗ್ಜಾಸ್ಟ್ ಮಾಡ್ತೀನಿ. ಟರ್ಬೊ ಪಾರ್ಟ್ಸ್ ಮಾಡ್ತೀನಿ. ಕಂಪನಿಯಲ್ಲಿ ಬಂದಿದ್ದನ್ನ ತೆಗೆದು, ಅವರವರಿಗೆ ಬೇಕಾದ ಹಾಗೆ."

ಬಿಸಿ ಚಹಾ ಗಂಟಲಲ್ಲಿಯೇ ನಿಂತ ಹಾಗಾಯಿತು. ನಾನು ಶಪಿಸಿದವನ ಮುಂದೆಯೇ ಕುಳಿತಿದ್ದೆ. ಆ ರಾತ್ರಿಯ ಸದ್ದು ಇವನು ಮಾಡಿದ ಕೊಳವೆಯದೇ ಎಂದು ಹೇಳಲಾರೆ. ಇಂಥ ಶೆಡ್ಡುಗಳು ಬೆಂಗಳೂರಿನಲ್ಲಿ ಇನ್ನೂ ಇವೆ. ಆದರೂ ಇಂಥದ್ದೇ ಒಂದು ಗೋಡೆಯಿಂದ ಇಳಿದು ಹೋದ ಕೊಳವೆಯೇ ಅದು.

ಅವನು ಮಾತ್ರ ಮಗ್ಗಿ ಒಪ್ಪಿಸುವ ಮಗುವಿನಂತೆ ಉತ್ಸಾಹದಿಂದ ಎಲ್ಲವನ್ನೂ ತೋರಿಸಿದ. ಎಂಜಿನ್ನಿನಲ್ಲಿ ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗ ಕಾರನ್ನು ಓಡಿಸದೆ, ಬಿಸಿ ಹೊಗೆಯಾಗಿ ಸುಮ್ಮನೆ ಹೊರಗೆ ಹೋಗುತ್ತದೆ. 1905ರಲ್ಲಿ ಆಲ್ಫ್ರೆಡ್ ಬ್ಯೂಖಿ ಎಂಬ ಸ್ವಿಸ್ ಎಂಜಿನಿಯರ್ ಈ ಪೋಲಾಗುವ ಉಸಿರಿಗೆ ಒಂದು ಕೆಲಸ ಕೊಡುವ ಉಪಾಯಕ್ಕೆ ಪೇಟೆಂಟ್ ಪಡೆದ. ಹೊರಗೆ ನುಗ್ಗುವ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿ ಮತ್ತೊಂದು ಚಕ್ರ. ಹೊಗೆ ಮೊದಲನೆಯದನ್ನು ತಿರುಗಿಸಿದರೆ, ಎರಡನೆಯದು ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಇಂಧನ ಉರಿಯುತ್ತದೆ, ಬಲ ಹೆಚ್ಚುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟಿರುವ ಆ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಹೆಚ್ಚು ತಿರುಗುತ್ತದೆಂದರೆ ನಂಬುವುದು ಕಷ್ಟ. ಅದೇ ಟರ್ಬೊ. ನಾವು ದಿನವೂ ಹತ್ತುವ ಡೀಸೆಲ್ ಬಸ್ಸಿನಲ್ಲಿಯೂ ಅದು ಇರುತ್ತದೆ.

ಕೆಂಪು ಕಾರಿನಲ್ಲಿ ಟರ್ಬೊ ಮೊದಲೇ ಇತ್ತಂತೆ. ಅದನ್ನು ತೆಗೆದು ದೊಡ್ಡದನ್ನು ಕೂರಿಸಬೇಕು. ಅದಕ್ಕೆ ಎಂಜಿನ್ನಿನಿಂದ ಹೊಗೆ ತರುವ ಕೊಳವೆಗಳನ್ನೂ ಟರ್ಬೊದಿಂದ ಕೆಳಗಿಳಿಯುವ ಕೊಳವೆಯನ್ನೂ ಹೊಸದಾಗಿ ಮಾಡಬೇಕು. ಎಲ್ಲಿಯೂ ಸಿದ್ಧವಾಗಿ ಸಿಗುವುದಿಲ್ಲ. ಮೊದಲು ರಟ್ಟಿನಲ್ಲಿ ಅಳತೆ, ಆಮೇಲೆ ಕೊಳವೆಯನ್ನು ಸೀಳು ಸೀಳಾಗಿ ಓರೆಯಾಗಿ ಕತ್ತರಿಸಿ, ತೊಡೆಮ್ಮೆಲೆ ಬಟ್ಟೆ ಇಟ್ಟುಕೊಂಡು ನಾವು ರವಿಕೆಯ ತೋಳಿಗೆ ತಿರುವು ಕೊಡುವ ಹಾಗೆ, ಒಂದೊಂದನ್ನೂ ಕೂಡಿಸಿ ಬಾಗಿಸುವುದು. ಎಂಟುನೂರು, ಒಂಬೈನೂರು ಡಿಗ್ರಿಯ ಹೊಗೆ ಹಾಯುವ ಜಾಗವಾದ್ದರಿಂದ ಕೂದಲೆಳೆಯಷ್ಟು ಸಂದು ಉಳಿಯುವಂತಿಲ್ಲ. ಬೆಸೆದ ಕಡೆಯಲ್ಲೆಲ್ಲ ಉಕ್ಕಿನ ಮೇಲೆ ಬಂಗಾರ, ನೇರಳೆ, ನೀಲಿ ಬಣ್ಣಗಳು ಎದ್ದು ಬೆಳಕಿಗೆ ಹಿಡಿದ ಧರ್ಮಾವರದ ಸೀರೆಯ ಹಾಗೆ ಕಾಣುತ್ತಿದ್ದವು.

ಒಂದು ತುಂಡನ್ನು ತಿರುಗಿಸಿ ಅದರ ಒಳಭಾಗವನ್ನು ತೋರಿಸಿದ. "ಹೊರಗೆ ಚೆನ್ನಾಗಿ ಕಂಡ್ರೆ ಸಾಲದು ಮಿಸ್. ವೆಲ್ಡ್ ಮಾಡೋವಾಗ ಕೊಳವೆ ಒಳಗೂ ಆರ್ಗಾನ್ ತುಂಬಬೇಕು. ಇಲ್ದಿದ್ರೆ ಒಳಗಡೆ ಸಕ್ಕರೆ ಕಟ್ಟಿದ ಹಾಗೆ ಕರೀಗೆ ಗಂಟು ಗಂಟಾಗುತ್ತೆ. ಯಾರಿಗೂ ಕಾಣಲ್ಲ. ತುಂಬಾ ಜನ ಮಾಡಲ್ಲ, ಗ್ಯಾಸ್ ದುಬಾರಿ. ನಾನು ಮಾಡ್ತೀನಿ."

ಆ ಮಾತು ಕೇಳಿ ನನಗೆ ಹೆಮ್ಮೆಯಾಯಿತು. ಮೂವತ್ತು ವರ್ಷ ನಾನು ಮಕ್ಕಳಿಗೆ ಕಲಿಸಬೇಕೆಂದು ಹೆಣಗಿದ್ದು ಇದನ್ನೇ ಅಲ್ಲವೆ? ಯಾರೂ ನೋಡದ ಕಡೆಯಲ್ಲೂ ಕೆಲಸ ಶುದ್ಧವಾಗಿರಬೇಕೆಂಬುದನ್ನು? ಅದರ ಬೆನ್ನಿಗೇ ಅಮ್ಮ ಹೊಸ್ತಿಲಲ್ಲಿ ಬಿದ್ದಿದ್ದ ಚಿತ್ರ ಕಣ್ಣಮುಂದೆ ಬಂತು. ಕೇಳಿಯೇಬಿಟ್ಟೆ. "ಇವು ಇಷ್ಟೊಂದು ಸದ್ದು ಯಾಕೆ ಮಾಡುತ್ತವೆ?"

"ಟರ್ಬೊ ಸದ್ದು ಮಾಡಲ್ಲ ಮಿಸ್" ಎಂದ. ಹೊಗೆಯ ರಭಸವನ್ನು ಚಕ್ರ ಹೀರಿಕೊಳ್ಳುವುದರಿಂದ ಸದ್ದು ಒಂದಿಷ್ಟು ಕಡಿಮೆಯೇ ಆಗುತ್ತದಂತೆ. ಸದ್ದು ಬರುವುದು ಅದರ ಮುಂದಿನ ಕೊಳವೆಯಿಂದ. ಕಂಪನಿಯವರು ಕೂರಿಸುವ ಸೈಲೆನ್ಸರ್ ಡಬ್ಬಿಯೊಳಗೆ ಕೋಣೆಗಳಿರುತ್ತವೆ, ತೂತಿನ ಕೊಳವೆಗಳಿರುತ್ತವೆ, ಕೆಲವದರಲ್ಲಿ ಗಾಜಿನ ಉಣ್ಣೆ ಇರುತ್ತದೆ. ಸದ್ದಿನ ಅಲೆಗಳು ಅಲ್ಲಿ ಗೋಡೆಗೆ ಬಡಿದು ಹಿಂತಿರುಗಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಅದನ್ನು ಕಿತ್ತು ನೇರ ಕೊಳವೆ ಹಾಕಿದರೆ ಅಡೆತಡೆಯಿಲ್ಲದೆ ಹೊಗೆ ಹೋಗುತ್ತದೆ, ಸದ್ದೂ ಹೋಗುತ್ತದೆ. ಹೊಗೆಯ ವಿಷವನ್ನು ತಗ್ಗಿಸಲು ಪ್ಲಾಟಿನಂ, ಪಲ್ಲೇಡಿಯಂ ಲೇಪಿಸಿದ ಇನ್ನೊಂದು ಡಬ್ಬಿ ಇರುತ್ತದೆ. ಕೆಲವರು ಅದನ್ನೂ ತೆಗೆಸುತ್ತಾರೆ. "ರೇಸ್ ಟ್ರ್ಯಾಕಿಗೆ ಹೋಗೋ ಗಾಡಿಗಳೂ ಬರ್ತವೆ ಮಿಸ್, ಕೊಯಮತ್ತೂರಿಗೆ, ಮದ್ರಾಸಿನ ಹತ್ರ ಇರುಂಗಾಟ್ಟುಕೋಟೈಗೆ. ಅವರು ಸಮಯ ನೋಡ್ತಾರೆ, ಸದ್ದು ನೋಡಲ್ಲ. ರೋಡಿನ ಹುಡುಗರು ಮಾತ್ರ ಸೌಂಡ್ ಬೇಕು ಅಂತಾನೇ ಬರ್ತಾರೆ."

"ಅದು ತಪ್ಪಲ್ಲವೇನೋ?" ಎಂದೆ. ಅವನು ನಕ್ಕು, "ನಾನು ಮಾಡಿ ಕೊಡ್ತೀನಿ, ಓಡಿಸೋನು ಅವನು. ಕತ್ತಿ ಮಾಡಿದೋನು ಕೊಲೆ ಮಾಡಿದ ಹಾಗಾಗುತ್ತಾ ಮಿಸ್?" ಎಂದ. ನಾನು ಉತ್ತರ ಕೊಡದೆ ವಾಕರು ಹಿಡಿದುಕೊಂಡು ಮನೆಗೆ ಬಂದೆ.

ಕಾನೂನನ್ನು ಕೇಳಿದರೆ ಉತ್ತರ ಸುಲಭ. ಪ್ರತಿ ಮೋಟಾರು ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ತಯಾರಕರು ಮಾಡಿಕೊಟ್ಟ ವಾಹನವನ್ನು ಮನಬಂದಂತೆ ಬದಲಾಯಿಸಕೂಡದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸದ್ದಿನ ಮಿತಿ ಮೀರಿದವನಿಗೆ ಮೂರು ತಿಂಗಳವರೆಗೆ ಸೆರೆ ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ ವಿಧಿಸಲು 2019ರ ತಿದ್ದುಪಡಿಯಲ್ಲಿ ಅವಕಾಶವಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಬಡಾವಣೆಗಳಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆಂದು ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿ ವಿವರಿಸಿದರು. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರುಗಳನ್ನು ಕಿತ್ತು, ರಸ್ತೆಯ ಮೇಲೆ ಸಾಲಾಗಿ ಜೋಡಿಸಿ, ರೋಡ್ ರೋಲರ್ ಹರಿಸಿದ್ದನ್ನು ಪತ್ರಿಕೆಗಳಲ್ಲಿ ನೀವೂ ನೋಡಿರಬಹುದು. ಮೊದಲು ಅಂಥ ಚಿತ್ರ ನೋಡಿದಾಗ ನನಗೆ ಸಂತೋಷವಾಗಿತ್ತು. ಈಗ ಮಾತ್ರ, ರೋಲರಿನ ಕೆಳಗೆ ಸಿಕ್ಕ ಆ ಮಲ್ಲಿಗೆ ದಂಡೆಯಂಥ ಬೆಸುಗೆ ಕಣ್ಣಿಗೆ ಕಟ್ಟಿತು.

ಕಾನೂನು ಹೇಳದ ಪ್ರಶ್ನೆಯೊಂದು ಉಳಿಯುತ್ತದೆ. ಒಳ್ಳೆಯ ಕೆಲಸ ಎಂದರೇನು? ಚೆನ್ನಾಗಿ ಮಾಡಿದ ಕೆಲಸವೋ, ಚೆನ್ನಾಗಿ ಮಾಡಿದ ಮೇಲೆ ಯಾರಿಗೂ ಕೆಡುಕಾಗದ ಕೆಲಸವೋ?

ಸದ್ದೇ ಕೆಟ್ಟದ್ದು ಎಂದು ನಾನು ಹೇಳಲಾರೆ. ನಾವು ಚಿಕ್ಕವರಿದ್ದಾಗ ಗಿರಣಿಯ ಸೈರನ್ ಕೇಳಿ ಒಲೆ ಹಚ್ಚುತ್ತಿದ್ದ ಮನೆಗಳೆಷ್ಟು! ಆ ಸದ್ದು ಇಡೀ ಊರಿನದಾಗಿತ್ತು. ಅಪ್ಪನ ಯೆಜ್ಡಿಯ ಸದ್ದು ಅಮ್ಮನ ಪಾಲಿಗೆ ಒಂದು ಕಾಗದವಿದ್ದಂತೆ. ಆದರೆ ಆ ಸದ್ದು ಅಕ್ಕಪಕ್ಕದ ಮನೆಯವರಿಗೂ ಕೇಳುತ್ತಿತ್ತಲ್ಲ? ಅವರ ಮನೆಯ ಹಸುಗೂಸು ಎಚ್ಚರಗೊಂಡಿರಲಿಲ್ಲವೆ? ನಾವು ಯಾರೂ ಹೋಗಿ ಕೇಳಲಿಲ್ಲ. ಗಣಪತಿ ಹಬ್ಬದಲ್ಲಿ ಬೀದಿಯ ಕೊನೆಯವರೆಗೂ ಮೈಕು ಕಟ್ಟಿಸುತ್ತೇವೆ. ಪರೀಕ್ಷೆಗೆ ಓದುವ ಮಗು ಎದುರು ಮನೆಯಲ್ಲಿದ್ದರೂ ಕೇಳುವುದಿಲ್ಲ. ನಮಗೆ ಬೇಕಾದ ಸದ್ದು ಸಂಗೀತ, ಬೇರೆಯವರಿಗೆ ಬೇಕಾದದ್ದು ಗದ್ದಲ. ಈ ತಕ್ಕಡಿಯನ್ನು ಹಿಡಿಯುವಾಗ ಕೈ ನಡುಗಬೇಕು.

ಕತ್ತಿಯ ಮಾತಿಗೆ ಬರೋಣ. 1884ರಲ್ಲಿ ಹೈರಂ ಮ್ಯಾಕ್ಸಿಂ ಎಂಬಾತ ತಾನೇ ತಾನಾಗಿ ಗುಂಡು ಹಾರಿಸುವ ಮೆಷಿನ್ ಗನ್ ನಿರ್ಮಿಸಿದ. ತನ್ನ ಬಂದೂಕುಗಳ ಸದ್ದನ್ನು ವರ್ಷಗಟ್ಟಲೆ ಕೇಳಿ ಕೇಳಿ ಅವನ ಕಿವಿ ಕೆಟ್ಟು ಹೋಯಿತು. ಅವನ ಮಗ ಹೈರಂ ಪರ್ಸಿ ಮ್ಯಾಕ್ಸಿಂ 1909ರಲ್ಲಿ ಬಂದೂಕಿನ ಸದ್ದಡಗಿಸುವ ಸೈಲೆನ್ಸರಿಗೆ ಪೇಟೆಂಟ್ ಪಡೆದ. ಎಂಜಿನ್ನುಗಳ ಹೊಗೆಕೊಳವೆಗೂ ಸೈಲೆನ್ಸರುಗಳನ್ನು ಮಾಡಿದ. ಅಪ್ಪನಿಗೆ ತಾನು ಮಾಡಿದ ಸದ್ದು ಕೊನೆಗೆ ತನಗೇ ಕೇಳದಾಯಿತು. ಆ ಬಂದೂಕುಗಳ ಎದುರಿಗೆ ನಿಂತವರ ಪಾಲಿಗೆ ಅದು ಕಿವಿಯ ಮಾತಾಗಿರಲಿಲ್ಲ, ಪ್ರಾಣದ ಮಾತಾಗಿತ್ತು. ಮಾಡಿದವನ ಹೊಣೆ ಎಲ್ಲಿ ಮುಗಿಯುತ್ತದೆ?

ನನಗೆ ತೋಚಿದ ಉತ್ತರ ಇಷ್ಟು. ತರಕಾರಿ ಹೆಚ್ಚಲೆಂದು ಕೊಂಡ ಕತ್ತಿ ಮುಂದೆ ಎಲ್ಲಿಗೆ ಹೋಗುತ್ತದೆಂದು ಕಮ್ಮಾರನಿಗೆ ತಿಳಿಯದು. ತಿಳಿಯದ್ದಕ್ಕೆ ಅವನು ಹೊಣೆಯಲ್ಲ. ಆದರೆ ಬಂದವನು "ಸೌಂಡ್ ಬೇಕು" ಎಂದೇ ಕೇಳಿದಾಗ, ಆ ಸೌಂಡು ಯಾರ ಮನೆಯ ಕಿಟಕಿಗೆ ಹೋಗುತ್ತದೆಂಬುದು ಮಾಡುವವನಿಗೆ ಗೊತ್ತು. ಗೊತ್ತಿರುವಷ್ಟು ದೂರ ಹೊಣೆಯೂ ಇದೆ. ಕೊಳವೆಯ ಒಳಗೆ, ಯಾರಿಗೂ ಕಾಣದ ಕಡೆ, ದುಬಾರಿ ಅನಿಲ ತುಂಬಿ ಕೆಲಸವನ್ನು ಶುದ್ಧ ಮಾಡುವವನಿಗೆ, ಕೊಳವೆಯ ಆಚೆ, ತನಗೆ ಕಾಣದ ಕಡೆ ಮಲಗಿರುವವರೂ ಆ ಕೆಲಸದ ಒಂದು ಭಾಗವೆಂದು ಏಕೆ ತೋರಲಿಲ್ಲ?

ನಾನಿರುವ ಬಡಾವಣೆಗೆ ಬಸವಣ್ಣನವರ ಹೆಸರು. ಹನ್ನೆರಡನೆಯ ಶತಮಾನದ ಆ ಶರಣರಲ್ಲಿ ಅಂಬಿಗರು, ಮಡಿವಾಳರು, ಮೇದರು, ಹಗ್ಗ ಹೊಸೆಯುವವರು ಎಲ್ಲರೂ ಇದ್ದರು. ಕೈಕೆಲಸವನ್ನು ಅವರಷ್ಟು ಎತ್ತರಕ್ಕೆ ಏರಿಸಿದವರು ವಿರಳ. ಕಾಯಕದ ಬಗ್ಗೆ ನಾವು ಭಾಷಣ ಮಾಡುತ್ತೇವೆ. ಅದರ ಜೊತೆಗೇ ಬರುವ ದಾಸೋಹವನ್ನು ಮರೆಯುತ್ತೇವೆ. ದುಡಿದದ್ದರಲ್ಲಿ ಉಳಿದದ್ದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯೇ ದಾಸೋಹ. ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆ ಗೊತ್ತಿದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದದ್ದನ್ನು ಹಿಂದಕ್ಕೆ ಸುರಿದು ಬರುವಂತೆ ಕಳಿಸಿದಳು. ಮಾರಯ್ಯ ಕಳ್ಳತನ ಮಾಡಿರಲಿಲ್ಲ. ಮಿತಿಯನ್ನು ಮರೆತಿದ್ದ, ಅಷ್ಟೆ. ಬಾಗಿಲಲ್ಲಿ ನಿಂತು ಕೇಳಲು ಅವನಿಗೊಬ್ಬ ಲಕ್ಕಮ್ಮ ಇದ್ದಳು.

ಹಾಗೆ ನೋಡಿದರೆ ಆ ಶೆಡ್ಡಿನಲ್ಲಿ ಎರಡು ಕೆಲಸಗಳು ನಡೆಯುತ್ತಿದ್ದವು. ಕೈ ಒಂದೇ, ಉಕ್ಕು ಒಂದೇ, ಕಿಡಿ ಒಂದೇ. ಟರ್ಬೊ ಪೋಲಾಗುವ ಉಸಿರನ್ನು ಹಿಡಿದು ಅದಕ್ಕೆ ಮತ್ತೆ ಕೆಲಸ ಕೊಡುತ್ತದೆ. ನೇರ ಕೊಳವೆ ಉಳಿದದ್ದನ್ನೆಲ್ಲ ಬೀದಿಯವರ ಕಿವಿಗೆ ಸುರಿದು ಮುಂದೆ ಹೋಗುತ್ತದೆ. ಯಾವ ಕೆಲಸಕ್ಕಾದರೂ ಈ ಒಂದು ಪ್ರಶ್ನೆ ಹಾಕಿ ನೋಡಬಹುದೆನಿಸಿತು: ಇದರಲ್ಲಿ ಉಳಿದದ್ದು ಎಲ್ಲಿಗೆ ಹೋಗುತ್ತದೆ? ಯಾರ ಪಾಲಿಗೆ ಬೀಳುತ್ತದೆ?

ಪ್ರಶ್ನೆಯನ್ನು ಇಷ್ಟು ಚೆಂದವಾಗಿ ಕಟ್ಟಿಕೊಂಡು ಮಲಗಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆ ಹುಡುಗ ಹತ್ತನೆಯ ತರಗತಿಗೆ ಬರಲಿಲ್ಲವೇಕೆ ಎಂಬುದು ನೆನಪಾಯಿತು.

ಆಗ ನಾನಿದ್ದ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ನೂರಕ್ಕೆ ನೂರು ಬರಬೇಕೆಂಬ ಹಟವಿತ್ತು. ಪೋಷಕರು ಅದನ್ನು ನೋಡಿಯೇ ಮಕ್ಕಳನ್ನು ಸೇರಿಸುತ್ತಿದ್ದರು. ಅದಕ್ಕೊಂದು ಸುಲಭ ದಾರಿಯಿತ್ತು: ಪಾಸಾಗಲಾರರೆಂದು ಕಂಡವರನ್ನು ಒಂಬತ್ತರಲ್ಲಿಯೇ ತಡೆಯುವುದು, ಇಲ್ಲವೇ ತಂದೆ ತಾಯಿಯರನ್ನು ಕರೆಸಿ ಟಿ.ಸಿ. ತೆಗೆದುಕೊಂಡು ಹೋಗುವಂತೆ ಹೇಳುವುದು. ತರಗತಿಯ ಶಿಕ್ಷಕಿಯಾಗಿ ಪಟ್ಟಿ ಬರೆದವಳು ನಾನು. ನಾಲ್ಕು ಹೆಸರುಗಳಲ್ಲಿ ಅವನದೊಂದು. ಅವನ ತಾಯಿ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು. ಸಿಮೆಂಟು ಮೆತ್ತಿದ ಕೈಗಳು. "ಅವನ ಒಳ್ಳೇದಕ್ಕೇ ಹೇಳ್ತಿದ್ದೀನಿ ಅಮ್ಮಾ. ಯಾವುದಾದರೂ ಕೈಕೆಲಸ ಕಲಿಸಿ" ಎಂದೆ. ಆ ವರ್ಷ ನಮ್ಮದು ನೂರಕ್ಕೆ ನೂರು. ಸನ್ಮಾನದಲ್ಲಿ ನನಗೊಂದು ಶಾಲು ಹೊದಿಸಿದರು. ಇವತ್ತಿಗೂ ಬೀರುವಿನಲ್ಲಿದೆ.

ನನ್ನ ಕೆಲಸ ನಾನು ಚೆನ್ನಾಗಿಯೇ ಮಾಡಿದ್ದೆ, ಯಾರೂ ಇಲ್ಲವೆನ್ನಲಾರರು. ಆದರೆ ಅದರಲ್ಲಿ ಉಳಿದದ್ದು ಎಲ್ಲಿಗೆ ಹೋಯಿತು? ಹದಿನಾಲ್ಕು ವರ್ಷದ ನಾಲ್ಕು ಮಕ್ಕಳ ಪಾಲಿಗೆ ಹೋಯಿತು. ಅವನು ಇಷ್ಟು ಒಳ್ಳೆಯ ಕೆಲಸಗಾರನಾದದ್ದನ್ನು ತೋರಿಸಿ ನನ್ನ ತಪ್ಪನ್ನು ಮುಚ್ಚಿಕೊಳ್ಳುವಂತಿಲ್ಲ. ಉಳಿದ ಮೂವರು ಏನಾದರೋ ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ. "ನಾನು ಪಟ್ಟಿ ಬರೆದೆ, ತೆಗೆದುಹಾಕಿದವರು ಆಡಳಿತದವರು" ಎಂದು ಇಷ್ಟು ವರ್ಷ ನಾನು ಹೇಳಿಕೊಂಡದ್ದಕ್ಕೂ, ಕತ್ತಿ ಮಾಡಿದವನ ಮಾತಿಗೂ ಏನು ವ್ಯತ್ಯಾಸ? ಬಾಗಿಲಲ್ಲಿ ನಿಂತು ಲಕ್ಕಮ್ಮನಂತೆ ಕೇಳಲು ಹೊರಟವಳ ಮಡಿಲಲ್ಲಿಯೇ ಹೆಚ್ಚಾದ ಅಕ್ಕಿಯಿತ್ತು.

ಎರಡು ವಾರದ ಮೇಲೆ ಮತ್ತೆ ಹೋದೆ. ಒಂದು ಡಬ್ಬಿ ಕೋಡುಬಳೆ ಒಯ್ದಿದ್ದೆ. ವಾಕರು ಹೇಗೆ ಮುರಿಯಿತೆಂಬುದನ್ನು ಈ ಸಲ ಪೂರ್ತಿಯಾಗಿ ಹೇಳಿದೆ: ನಡುರಾತ್ರಿಯ ಸದ್ದು, ಅಮ್ಮ ಅಪ್ಪನಿಗೆ ಬಾಗಿಲು ತೆರೆಯಲು ಹೊರಟದ್ದು, ಹೊಸ್ತಿಲು. ಅವನು ಕೈಯಲ್ಲಿದ್ದ ಕೋಡುಬಳೆಯನ್ನು ಹಾಗೆಯೇ ಹಿಡಿದುಕೊಂಡು ಕೇಳಿದ. "ನಿನ್ನದೇ ಕೊಳವೆ ಎಂದು ನಾನು ಹೇಳುವುದಿಲ್ಲ" ಎಂದೆ. "ಇರಬಹುದು ಮಿಸ್" ಎಂದ.

ಆಮೇಲೆ ಒಂಬತ್ತನೆಯ ತರಗತಿಯ ವಿಷಯ ಹೇಳಿದೆ. ಪಟ್ಟಿ ಬರೆದದ್ದು ನಾನೇ ಎಂದೆ. ತಪ್ಪಾಯಿತು ಎಂದೆ. ವಿದ್ಯಾರ್ಥಿಗೆ ಈ ಮಾತನ್ನು ನಾನು ಹೇಳಿದ್ದು ಅದೇ ಮೊದಲು. ಪಕ್ಕದ ಶೆಡ್ಡಿನ ಗ್ರೈಂಡರು ಕಿರುಚುತ್ತಿತ್ತು. ಅದು ನಿಲ್ಲುವವರೆಗೂ ಅವನು ಸುಮ್ಮನಿದ್ದ. "ನಮ್ಮಮ್ಮ ಸಾಯೋವರೆಗೂ ಹೇಳ್ತಿತ್ತು ಮಿಸ್, ಮೇಡಂ ನಿನ್ ಒಳ್ಳೇದಕ್ಕೇ ಹೇಳಿದ್ರು ಅಂತ. ನಾನು ನಂಬಿರ್ಲಿಲ್ಲ" ಎಂದ. ಕೋಪವಿರಲಿಲ್ಲ. ಕೋಪವಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ನಾನು ಹೊರಡುವಾಗ ಅವನೇ ಮಾತು ತೆಗೆದ. "ರೋಡಿನ ಗಾಡಿಗೆ ಸೈಲೆನ್ಸರ್ ಇಲ್ದೆ ಮಾಡಿಕೊಡಲ್ಲ ಅಂತ ಹೇಳ್ಬಹುದು ಮಿಸ್. ಅವರು ಇನ್ನೊಂದು ಶೆಡ್ಡಿಗೆ ಹೋಗ್ತಾರೆ." "ಹೋಗಲಿ ಬಿಡು" ಎಂದೆ. ಹೇಳಿದ ಮೇಲೆ ನಾಚಿಕೆಯಾಯಿತು. ತಿಂಗಳ ಮೊದಲ ದಿನ ಸಂಬಳ ಬರುವವಳು ನಾನು; ಶೆಡ್ಡಿನ ಬಾಡಿಗೆ ಕಟ್ಟಬೇಕಾದವನು ಅವನು. ಹೋಗುವ ಗಿರಾಕಿಯ ಹಣದಲ್ಲಿ ನನ್ನ ಪಾಲೇನೂ ಇಲ್ಲ. ಅವನಿಂದ ಯಾವ ಮಾತನ್ನೂ ಕೇಳಿಕೊಳ್ಳದೆ ಬಂದೆ. ಅವನ ಬಾಗಿಲಲ್ಲಿ ಅವನೇ ನಿಂತುಕೊಳ್ಳಬೇಕು.

ಇದಾಗಿ ಆರು ತಿಂಗಳಾಯಿತು. ದೊಡ್ಡ ರಸ್ತೆಯಲ್ಲಿ ರಾತ್ರಿಯ ಸದ್ದು ನಿಂತಿಲ್ಲ. ಕಡಿಮೆಯಾಗಿದೆ ಎಂದುಕೊಳ್ಳಲು ನನಗೆ ಆಸೆ, ಆದರೆ ಎಣಿಸಿಲ್ಲ. ಈಗ ನಾನು ಅಮ್ಮನ ಕೋಣೆಯಲ್ಲಿಯೇ ಮಲಗುತ್ತೇನೆ. ಆಕೆ ಎದ್ದು ಕುಳಿತಾಗ ಕೈ ಹಿಡಿದು, "ಇನ್ನೂ ಪಾಳಿ ಮುಗಿದಿಲ್ಲಮ್ಮಾ, ಮಲಗು" ಎನ್ನುತ್ತೇನೆ. ಹಳೆಯ ರಿಜಿಸ್ಟರುಗಳು ಸಿಗುತ್ತವೆಯೇ ಎಂದು ಆ ಶಾಲೆಯಲ್ಲಿ ವಿಚಾರಿಸಿದ್ದೇನೆ. ಉಳಿದ ಮೂರು ಹೆಸರುಗಳ ವಿಳಾಸ ಬೇಕಾಗಿದೆ.

ಬೆಳಿಗ್ಗೆ ವಾಕರನ್ನು ಒರೆಸುವಾಗ ಬೆರಳು ಆ ಬೆಸುಗೆಯ ಮೇಲೆ ಹಾಯುತ್ತದೆ. ಗಂಟುಗಳು ಸಮನಾಗಿವೆ. ಅಮ್ಮನ ಭಾರವನ್ನೆಲ್ಲ ಅದು ಹೊರುತ್ತಿದೆ. ಅದರ ಒಳಭಾಗ ನನಗೆ ಕಾಣುವುದಿಲ್ಲ. ಅಲ್ಲಿಯೂ ಚೆನ್ನಾಗಿಯೇ ಇದೆಯೆಂದು ನಂಬಿ ಅಮ್ಮನ ಕೈಗೆ ಕೊಡುತ್ತೇನೆ.